ಅಂಗಡಿ ಆಟದ ಸಾಲ ತೀರಿಸುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ‘ರೆಸೆಟಿಯರ್’ ಎಂಬ ಹಳೆಯ ಕಂಪ್ಯೂಟರ್ ಆಟದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ. ಆ ಸಂಚಿಕೆ ಓದದವರಿಗಾಗಿ ಇಷ್ಟು ಹೇಳಬೇಕು: ಜಪಾನಿನ ಈಸಿಗೇಮ್‌ಸ್ಟೇಷನ್ ಎಂಬ ಸಣ್ಣ ಹವ್ಯಾಸಿ ತಂಡ ಈ ಆಟವನ್ನು 2007ರ ಡಿಸೆಂಬರ್‌ನಲ್ಲಿ ಹೊರತಂದಿತು. 2010ರ ಸೆಪ್ಟೆಂಬರ್‌ನಲ್ಲಿ ಕಾರ್ಪೆ ಫಲ್ಗರ್ ಎಂಬ ಪುಟ್ಟ ಸಂಸ್ಥೆ ಇದರ ಇಂಗ್ಲಿಷ್ ರೂಪ ಬಿಡುಗಡೆ ಮಾಡಿತು. ರೆಸೆಟ್ ಎಂಬ ಹುಡುಗಿಯ ತಂದೆ ಸಾಹಸಿಯಾಗುತ್ತೇನೆಂದು ಮನೆ ಬಿಟ್ಟು ಹೋಗಿ ನಾಪತ್ತೆಯಾಗಿದ್ದಾನೆ. ಅವನು ಮಾಡಿಟ್ಟ ಸಾಲ ವಸೂಲಿಗೆ ಲೇವಾದೇವಿ ಸಂಸ್ಥೆಯ ಟಿಯರ್ ಎಂಬ ಕಿನ್ನರಿ ಬರುತ್ತಾಳೆ. ಮನೆಯ ಒಂದು ಭಾಗವನ್ನು ಅಂಗಡಿ ಮಾಡಿ, ದುಡಿದು ತೀರಿಸು ಎನ್ನುತ್ತಾಳೆ. ಒಟ್ಟು ಸಾಲ 8,20,000 ಪಿಕ್ಸ್ (ಪಿಕ್ಸ್ ಎಂದರೆ ಆ ಆಟದ ಹಣ). ಕಂತು ಐದು, ವಾರಕ್ಕೊಂದು.

ಪ್ರಶ್ನೆ: ಅಕ್ಕಾ, ನಾನು ಮೂರನೇ ವಾರದ 80,000 ಪಿಕ್ಸ್ ಕಂತಿನಲ್ಲಿ ಪ್ರತಿ ಸಲ ಸೋಲುತ್ತೇನೆ. ಪ್ರತಿ ವಸ್ತುವಿಗೂ ಗಿರಾಕಿ ಕೊಡಬಹುದಾದ ಅತಿ ಹೆಚ್ಚಿನ ಬೆಲೆಯನ್ನೇ ಕೇಳುತ್ತೇನೆ. ಆದರೂ ಹಣ ಸಾಲುವುದಿಲ್ಲ. ಎಲ್ಲಿ ತಪ್ಪುತ್ತಿದೆ?
— ಬಿ.ಕಾಂ. ವಿದ್ಯಾರ್ಥಿ, ಹಾವೇರಿ

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರವೂ ಇದೆ. ‘ಅತಿ ಹೆಚ್ಚಿನ ಬೆಲೆ’ ಎಂಬುದನ್ನು ಮೊದಲು ಬಿಡಿ.

ಗಿರಾಕಿ ಒಂದು ವಸ್ತುವನ್ನು ಕೈಗೆತ್ತಿಕೊಂಡಾಗ ಪರದೆಯ ಮೇಲೆ ಅದರ ಮೂಲಬೆಲೆ ಕಾಣುತ್ತದೆ. ಅದರ ಮೇಲೆ ನೂರಕ್ಕೆ ಎಷ್ಟು ಇಡಬೇಕೆಂಬುದು ನಿಮಗೆ ಬಿಟ್ಟದ್ದು. ಹೆಚ್ಚಿನ ಆಟಗಾರರು ಮೂಲಬೆಲೆ ನೂರಿದ್ದರೆ ನೂರಮೂವತ್ತರ ಸುಮಾರಿಗೆ ನಿಲ್ಲುತ್ತಾರೆ. ಗಿರಾಕಿ ಒಪ್ಪದಿದ್ದರೆ ಬೆಲೆ ಇಳಿಸಿ ಮತ್ತೆ ಕೇಳಬಹುದು. ಮತ್ತೂ ಒಪ್ಪದಿದ್ದರೆ ಅವನು ಬರಿಗೈಯಲ್ಲಿ ಹೊರಟುಬಿಡುತ್ತಾನೆ. ನೀವು ಮಾಡುತ್ತಿರುವುದು ಈ ಚೌಕಾಸಿಯನ್ನೇ: ಮೇಲಿನಿಂದ ಶುರು ಮಾಡಿ ಇಳಿಯುವುದು. ಅದರಲ್ಲಿ ಒಂದೊಂದು ವ್ಯಾಪಾರದ ಲಾಭ ಹೆಚ್ಚುತ್ತದೆ, ನಿಜ. ಕಳೆದುಕೊಳ್ಳುವುದು ಏನೆಂದರೆ ಅನುಭವದ ಅಂಕ. ಮೊದಲ ಮಾತಿನಲ್ಲೇ ಗಿರಾಕಿ ‘ಸರಿ’ ಎಂದರೆ ಅಂಕ ಸಿಗುತ್ತದೆ. ಮುಂದಿನ ಗಿರಾಕಿಯೂ ಮೊದಲ ಮಾತಿಗೇ ಒಪ್ಪಿದರೆ ಅಂಕ ಇನ್ನೂ ಹೆಚ್ಚು, ಅದರ ಮುಂದಿನವನಿಗೆ ಮತ್ತೂ ಹೆಚ್ಚು. ಒಬ್ಬ ‘ದುಬಾರಿ’ ಎಂದನೋ, ಆ ಸರಣಿ ಅಲ್ಲಿಗೇ ಕಡಿಯಿತು. ಈ ಅಂಕಗಳಿಂದ ನಿಮ್ಮ ವ್ಯಾಪಾರಿ ಮಟ್ಟ ಏರುತ್ತದೆ. ಮಟ್ಟ ಏರಿದಂತೆ ಗಿರಾಕಿಗಳಿಂದ ಮಾಲು ಕೊಳ್ಳುವುದು, ಮುಂಗಡ ಬೇಡಿಕೆ ಪಡೆಯುವುದು, ಅಂಗಡಿಯನ್ನು ದೊಡ್ಡದು ಮಾಡುವುದು ಎಲ್ಲವೂ ಒಂದೊಂದಾಗಿ ಸಾಧ್ಯವಾಗುತ್ತದೆ. ಆದ್ದರಿಂದ ಮೊದಲ ಎರಡು ವಾರ ಮೂಲಬೆಲೆಯ ಮೇಲೆ ನೂರಕ್ಕೆ ಐದರಷ್ಟನ್ನೇ ಇಟ್ಟು, ಬಂದವರನ್ನೆಲ್ಲ ನಗುಮುಖದಿಂದ ಕಳುಹಿಸಿ. ಗಿರಾಕಿಗೆ ನಿಮ್ಮ ಬೆಲೆ ಹಿಡಿಸಿದರೆ ಅವನ ವಿಶ್ವಾಸ ಬೆಳೆಯುತ್ತದೆ. ವಿಶ್ವಾಸ ಬೆಳೆದ ಗಿರಾಕಿ ಮುಂದಿನ ಸಲ ಹೆಚ್ಚು ಹಣ ತರುತ್ತಾನೆ. ಈ ಆಟದ ಅತ್ಯಂತ ಒಳ್ಳೆಯ ಗುಟ್ಟು ಇದು. ಹೊಸಬರಿಗೆ ಕಾಣದ ಗುಟ್ಟೂ ಇದೇ.

ನಮ್ಮ ತಂದೆಯದು ರಾಣೆಬೆನ್ನೂರಿನಲ್ಲಿ ಜವಳಿ ಅಂಗಡಿ. ಪ್ರತಿ ಸೀರೆಯ ಚೀಟಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಮೂರೋ ನಾಲ್ಕೋ ಅಕ್ಷರ ಬರೆದಿರುತ್ತಿದ್ದರು. ಒಂದರಿಂದ ಸೊನ್ನೆಯವರೆಗಿನ ಹತ್ತು ಅಂಕಿಗೆ ಹತ್ತು ಅಕ್ಷರ. ಅದು ಸೀರೆಯ ಖರೀದಿ ಬೆಲೆ, ಅಂಗಡಿಯವರಿಗೆ ಮಾತ್ರ ತಿಳಿಯುವಂಥದ್ದು. ಆ ಅಕ್ಷರಗಳನ್ನು ಓದಬಲ್ಲ ಹುಡುಗರನ್ನಷ್ಟೇ ಅವರು ಗಾದಿಯ ಮೇಲೆ ಕೂರಿಸುತ್ತಿದ್ದರು. ಓದಲು ಬಂದರೆ ಸಾಲದು, ಓದಿದ ಮೇಲೆ ಕಣ್ಣು ಚೀಟಿಯಿಂದ ಎದ್ದು ಗಿರಾಕಿಯ ಮುಖಕ್ಕೆ ಹೋಗಬೇಕು ಎಂದು ಹೇಳಿಕೊಡುತ್ತಿದ್ದರು. ಪರದೆಯ ಮೇಲಿನ ಮೂಲಬೆಲೆ ಆ ಪೆನ್ಸಿಲಿನ ಅಕ್ಷರವಿದ್ದಂತೆ. ಎಷ್ಟರವರೆಗೆ ಇಳಿಯಬಹುದೆಂದು ಅದು ಹೇಳುತ್ತದೆ. ಎಷ್ಟರವರೆಗೆ ಏರಬಹುದೆಂದು ಹೇಳುವುದು ಎದುರಿಗೆ ನಿಂತ ವ್ಯಕ್ತಿ. ಪುಟ್ಟ ಹುಡುಗಿ ಬಂದರೆ ಅವಳ ಕೈಯಲ್ಲಿ ಇರುವುದೇ ಚಿಲ್ಲರೆ, ದುಬಾರಿ ಹಾರಕ್ಕೆ ಅವಳು ಆಸೆಪಟ್ಟರೂ ಕೊಳ್ಳಲಾರಳು. ಸಿರಿವಂತ ಮನೆಯ ಅಲುವೆಟ್ ಬಂದಾಗ ಮಾತ್ರ ಧಾರಾಳವಾಗಿ ಏರಿಸಿ ಕೇಳಿ, ಅವಳಿಗೆ ಅದು ಭಾರವಲ್ಲ.

ಇನ್ನು ಮೂರನೇ ವಾರದ ಲೆಕ್ಕ. ಕಂತುಗಳು 10,000, 30,000, 80,000, 2,00,000, 5,00,000. ಪ್ರತಿ ಕಂತು ಹಿಂದಿನದರ ಎರಡೂವರೆಯಿಂದ ಮೂರು ಪಟ್ಟು. ಕೊನೆಯ ಒಂದೇ ಕಂತು ಮೊದಲ ನಾಲ್ಕನ್ನು ಕೂಡಿಸಿದರೂ ಮೀರುತ್ತದೆ. ದಿನಕ್ಕೆ ನಾಲ್ಕು ಹೊತ್ತು. ಒಂದು ಹೊತ್ತು ಪೇಟೆಗೆ ಹೋಗಿ ಮಾಲು ತರಲು ಹೋದರೆ ಬಾಗಿಲು ತೆರೆಯಲು ಮೂರು ಹೊತ್ತು, ವಾರಕ್ಕೆ ಇಪ್ಪತ್ತೊಂದು. 80,000ವನ್ನು ಇಪ್ಪತ್ತೊಂದರಿಂದ ಭಾಗಿಸಿ: ಬಾಗಿಲು ತೆರೆದ ಪ್ರತಿ ಸಲವೂ ಸುಮಾರು 3,800 ಪಿಕ್ಸ್ ಉಳಿಯಬೇಕು. ನಾಲ್ಕನೇ ವಾರಕ್ಕೆ ಅದು 9,500 ದಾಟುತ್ತದೆ, ಐದನೆಯದಕ್ಕೆ 23,800. ಮೊದಲ ವಾರದ ರೊಟ್ಟಿ, ಅಕ್ರೋಟನ್ನು ಎಷ್ಟೇ ಏರಿಸಿ ಮಾರಿದರೂ ಈ ಮೊತ್ತ ಹುಟ್ಟುವುದಿಲ್ಲ. ಗೂಡಿನಲ್ಲಿ ಇಟ್ಟ ಮಾಲಿನ ಬೆಲೆಯೇ ವಾರವಾರಕ್ಕೆ ಮೇಲೇರಬೇಕು. ಅಂದರೆ ಬಂದ ಲಾಭವನ್ನು ಗಲ್ಲಾದಲ್ಲಿ ಮಲಗಿಸಬೇಡಿ, ಮಾರನೆಯ ದಿನವೇ ಮೇಲಿನ ದರ್ಜೆಯ ಮಾಲಿಗೆ ಹಾಕಿ. ಕಂತಿನ ಹಿಂದಿನ ಎರಡು ದಿನ ಮಾತ್ರ ಖರೀದಿ ನಿಲ್ಲಿಸಿ, ಇರುವುದನ್ನು ಮಾರಿ ನಗದು ಮಾಡಿಕೊಳ್ಳಿ. ಗೂಡು ತುಂಬ ಕತ್ತಿ, ಕವಚ ಇದ್ದು ಗಲ್ಲಾ ಖಾಲಿಯಿದ್ದರೆ ಸಾಲ ಕೊಟ್ಟವರು ಕತ್ತಿ ಎಣಿಸಿಕೊಂಡು ಹೋಗುವುದಿಲ್ಲ. ಬಿ.ಕಾಂ. ಓದುವವರಿಗೆ ನಗದು ಹರಿವಿನ ಪಾಠ ಇದಕ್ಕಿಂತ ಸ್ಪಷ್ಟವಾಗಿ ಎಲ್ಲೂ ಸಿಗದು.

ಪೇಟೆ ಸುದ್ದಿಯ ಮೇಲೂ ಕಣ್ಣಿರಲಿ. ಇಂಥ ಬಗೆಯ ವಸ್ತುವಿನ ಬೆಲೆ ಬಿದ್ದಿದೆ, ಇಂಥದ್ದರದು ಏರಿದೆ ಎಂದು ಆಗಾಗ ಸುದ್ದಿ ಬರುತ್ತದೆ. ಬಿದ್ದಾಗ ಕೊಂಡು ಕಟ್ಟಿಡಿ, ಏರಿದ ದಿನ ಅದನ್ನು ಕಿಟಕಿಯ ಬಳಿಯ ಮೇಜಿನ ಮೇಲೆ ತನ್ನಿ. ಕಿಟಕಿಯಲ್ಲಿ ಇಟ್ಟದ್ದನ್ನು ನೋಡಿಯೇ ಜನ ಒಳಗೆ ಬರುತ್ತಾರೆ. ಎರಡು ಸುದ್ದಿ ಸರಿಯಾಗಿ ಕೂಡಿಬಂದರೆ ನಿಮ್ಮ ಮೂರನೇ ಕಂತು ವಾರ ಮುಗಿಯುವ ಮೊದಲೇ ಗಲ್ಲಾದಲ್ಲಿರುತ್ತದೆ.

ಸೋತರೂ ಎಲ್ಲ ಮುಗಿಯಿತೆಂದುಕೊಳ್ಳಬೇಡಿ. ಆಟ ನಿಮ್ಮನ್ನು ಮತ್ತೆ ಆರಂಭಕ್ಕೆ ಒಯ್ಯುತ್ತದೆ, ಆದರೆ ಗಳಿಸಿದ ವ್ಯಾಪಾರಿ ಮಟ್ಟ ನಿಮ್ಮ ಬಳಿಯೇ ಉಳಿಯುತ್ತದೆ.

ಪ್ರಶ್ನೆ: ಹನ್ನೆರಡು ವರ್ಷದ ಮಗಳು ಈ ಆಟ ಆಡುತ್ತಾಳೆ. ಅಪ್ಪ ಮಾಡಿದ ಸಾಲವನ್ನು ಸಣ್ಣ ಹುಡುಗಿ ತೀರಿಸುವ ಕಥೆ ಕೇಳಿ ನನಗೆ ಸಂಕಟವಾಯಿತು. ಆಡಲು ಬಿಡಬಹುದೇ?
— ಗೃಹಿಣಿ, ಶಿವಮೊಗ್ಗ

ಉತ್ತರ: ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಸಾಲ ಕೊಟ್ಟವರು ಬಾಗಿಲಿಗೆ ಬಂದು ನಿಲ್ಲುವುದು ನಮ್ಮ ಊರುಗಳಲ್ಲಿ ಕಥೆಯಲ್ಲ. ಆದರೆ ಮಗಳನ್ನು ತಡೆಯಬೇಡಿ, ಪಕ್ಕದಲ್ಲಿ ಕುಳಿತು ನೋಡಿ. ಟಿಯರ್ ವಸೂಲಿಗೆ ಬಂದವಳಾದರೂ ಹುಡುಗಿಯನ್ನು ಬೆದರಿಸುವುದಿಲ್ಲ. ಅಂಗಡಿಯಲ್ಲೇ ಉಳಿದು, ಬೆಲೆ ಹೇಳುವುದರಿಂದ ಹಿಡಿದು ಎಲ್ಲವನ್ನೂ ಕಲಿಸುತ್ತಾಳೆ. ಇಬ್ಬರ ನಡುವೆ ಬೆಳೆಯುವ ಸ್ನೇಹವೇ ಈ ಕಥೆಯ ಜೀವ. ರೆಸೆಟ್ ಕೂಡ ಅಳುತ್ತ ಕೂರುವವಳಲ್ಲ, ಬೆಳಿಗ್ಗೆ ಬಾಗಿಲು ತೆರೆಯುವಾಗಿನ ಅವಳ ಹುರುಪು ನೋಡುವವರಿಗೂ ಅಂಟುತ್ತದೆ. ಮಾಲು ತರಲು ಕೂಲಿಯ ಸಾಹಸಿಯೊಡನೆ ಹೋಗುವ ಗುಹೆಗಳಲ್ಲಿ ಭೂತಗಳೊಡನೆ ಹೊಡೆದಾಟ ಇದೆ, ಅದು ವ್ಯಂಗ್ಯಚಿತ್ರದ ಮಟ್ಟದ್ದು. ಶಾರ್ಮ್ ಎಂಬ ಕಳ್ಳಿ ಪಾನಗೃಹದಲ್ಲಿ ಕುಡಿದಿರುವ ದೃಶ್ಯಗಳಿವೆ, ಅದು ನಿಮಗೆ ಮೊದಲೇ ತಿಳಿದಿರಲಿ.

ಮಗಳೊಂದಿಗೆ ಒಂದು ವಿಷಯ ಮಾತನಾಡಿ. ನಾನು ಲೆಕ್ಕಪತ್ರದ ಕೆಲಸದವಳಾದ್ದರಿಂದ ಹೇಳದೆ ಬಿಡಲಾರೆ. ನಮ್ಮ ದೇಶದಲ್ಲಿ ತಂದೆಯ ಸಾಲ ಮಕ್ಕಳ ಹೆಗಲಿಗೆ ತಾನಾಗಿ ಏರುವುದಿಲ್ಲ. ವಾರಸುದಾರರಿಗೆ ತಂದೆಯಿಂದ ಬಂದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಹೊಣೆ. ಜಾಮೀನು ನಿಂತಿದ್ದರೆ ಅದರ ಮಾತು ಬೇರೆ. ಪಿತೃಋಣ ತೀರಿಸುವುದು ಮಗನ ಧರ್ಮ ಎಂಬ ಒಂದೇ ಕಾರಣ ಮುಂದಿಟ್ಟು ವಸೂಲಿ ಮಾಡುವ ಹಕ್ಕನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯೇ ಮುಂದಿನ ಸಾಲಗಳಿಗೆ ತೆಗೆದುಹಾಕಿದೆ. ಹನ್ನೆರಡು ವರ್ಷದ ಮಗುವಿಗೆ ಇದು ದೊಡ್ಡ ಮಾತೇನಲ್ಲ. ಆಟದ ನೆಪದಲ್ಲಿ ಒಮ್ಮೆ ಕಿವಿಗೆ ಬಿದ್ದರೆ ಜೀವನವಿಡೀ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಐವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವನು ನಾನು. ಮೊಮ್ಮಗ ಈ ಆಟ ತೋರಿಸಿದ. ಎಲ್ಲ ಚೆನ್ನಾಗಿದೆ, ಆದರೆ ಉದ್ರಿ ಎಲ್ಲಿ? ಉದ್ರಿ ಇಲ್ಲದ ಅಂಗಡಿ ಯಾವ ಲೋಕದಲ್ಲಿದೆ?
— ನಿವೃತ್ತ ವ್ಯಾಪಾರಿ, ಬಾಗಲಕೋಟೆ

ಉತ್ತರ: ಹಿರಿಯರೇ, ಈ ಆಟವನ್ನು ಮೆಚ್ಚಿದ ನನಗೂ ಬಹಳ ದಿನದಿಂದ ಇದ್ದ ಕೊರತೆಯನ್ನು ನೀವು ಒಂದೇ ಮಾತಿನಲ್ಲಿ ಹಿಡಿದಿದ್ದೀರಿ. ಪೆನ್ಸೆ ಎಂಬ ಆ ಊರಿನಲ್ಲಿ ಎಲ್ಲರೂ ನಗದು ಕೊಟ್ಟೇ ಒಯ್ಯುತ್ತಾರೆ. ‘ಬರೆದುಕೊಳ್ಳಿ, ಸುಗ್ಗಿಯ ಮೇಲೆ ಕೊಡುತ್ತೇನೆ’ ಎನ್ನುವವರಿಲ್ಲ. ತಿಂಗಳ ಕೊನೆಗೆ ಖಾತೆ ಪುಸ್ತಕ ತೆರೆದು ಯಾರನ್ನು ಕೇಳಬೇಕು, ಯಾರನ್ನು ಕೇಳದೆ ಬಿಡಬೇಕು ಎಂದು ಯೋಚಿಸುವ ಆ ರಾತ್ರಿಯೂ ಇಲ್ಲ. ಕಿರಾಣಿ ವ್ಯಾಪಾರದ ಅರ್ಧ ಬುದ್ಧಿ ಇರುವುದೇ ಆ ಪುಸ್ತಕದಲ್ಲಿ. ಆಟದಲ್ಲಿ ಸಾಲ ಇರುವುದು ಅಂಗಡಿಯವಳಿಗೆ ಮಾತ್ರ.

ಇದಕ್ಕೆ ಕಾರಣ ಊಹಿಸಬಹುದು. ವಾರದ ಕಂತು ತಲೆಯ ಮೇಲೆ ತೂಗುತ್ತಿರುವಾಗ ಉದ್ರಿಯನ್ನೂ ಸೇರಿಸಿದರೆ ಹೊಸ ಆಟಗಾರ ಎರಡನೇ ವಾರ ದಾಟುವುದೇ ಕಷ್ಟವಾಗುತ್ತಿತ್ತು. ಆದರೂ ಗಿರಾಕಿಯ ಋಣವೆಂಬುದು ಬೇರೆ ರೂಪದಲ್ಲಿ ಒಳಗೆ ಬಂದಿದೆ, ಅದನ್ನು ಗಮನಿಸಿ. ಆಟದ ಆರಂಭದಲ್ಲಿ ಸಿಗುವ ಲೂಯಿ ಎಂಬ ಖಡ್ಗಧಾರಿ ಹೊಟ್ಟೆಗೂ ಗತಿಯಿಲ್ಲದ ಬಡವ. ಅವನು ನಿಮ್ಮ ಅಂಗಡಿಗೂ ಬರುತ್ತಾನೆ. ಅವನಿಗೆ ಒಳ್ಳೆಯ ಕತ್ತಿಯೊಂದನ್ನು ಅವನ ಕೈಗೆಟುಕುವ ಬೆಲೆಗೆ ಮಾರಿದಿರೆನ್ನಿ. ಮುಂದೆ ನೀವು ಅವನನ್ನು ಕೂಲಿಗೆ ಹಿಡಿದು ಗುಹೆಗೆ ಕರೆದೊಯ್ದಾಗ ಅವನು ಅದೇ ಕತ್ತಿಯನ್ನು ಕಟ್ಟಿಕೊಂಡು ಬಂದಿರುತ್ತಾನೆ. ನೀವು ಬಿಟ್ಟ ನಾಲ್ಕು ಕಾಸು ಅಲ್ಲಿ ನಿಮಗಾಗಿ ದುಡಿಯುತ್ತದೆ. ಅದೇ ಕತ್ತಿಗೆ ಬೆಲೆ ಹಿಂಡಿ ಅವನನ್ನು ಬರಿಗೈಯಲ್ಲಿ ಕಳುಹಿಸಿದ್ದರೆ ಗುಹೆಯಲ್ಲಿ ಅವನ ಹಳೆಯ ಆಯುಧವನ್ನೇ ನಂಬಬೇಕಾಗುತ್ತಿತ್ತು. ಐವತ್ತು ವರ್ಷ ಗಲ್ಲಾದ ಹಿಂದೆ ಕುಳಿತ ನಿಮಗೆ ಇದು ಹೊಸದಲ್ಲ. ಮೊಮ್ಮಗನಿಗೆ ಹೊಸದು. ನಿಮ್ಮ ಖಾತೆ ಪುಸ್ತಕಗಳು ಇನ್ನೂ ಇದ್ದರೆ ಅವನಿಗೆ ತೆಗೆದು ತೋರಿಸಿ ಎಂದು ಕೈಮುಗಿದು ಕೇಳುತ್ತೇನೆ. ಆಟದಲ್ಲಿ ಇಲ್ಲದ ಭಾಗವನ್ನು ಅವನಿಗೆ ಕಲಿಸಬಲ್ಲವರು ನೀವೇ.

ಪ್ರಶ್ನೆ: ಅಂಗಡಿ ನಡೆಸುವ ಆಟಗಳಲ್ಲಿ ಇದೇ ಮೊದಲನೆಯದೇ?
— ಗ್ರಂಥಪಾಲಕರು, ಮೈಸೂರು

ಉತ್ತರ: ಖಂಡಿತ ಅಲ್ಲ. 1973ರಲ್ಲೇ ಅಮೆರಿಕದ ಮಿನ್ನೆಸೋಟದಲ್ಲಿ ಶಾಲಾ ಮಕ್ಕಳಿಗಾಗಿ ಬಾಬ್ ಜೇಮಿಸನ್ ಎಂಬವರು ‘ಲೆಮನೇಡ್ ಸ್ಟ್ಯಾಂಡ್’ ಬರೆದರು. 1979ರಲ್ಲಿ ಅದು ಆ್ಯಪಲ್ 2 ಕಂಪ್ಯೂಟರಿಗೆ ಬಂದಾಗ ಮನೆಮನೆಗೂ ಪರಿಚಯವಾಯಿತು. ಅದರ ಸರಳತೆ ನನಗೆ ಇಂದಿಗೂ ಅಚ್ಚರಿ. ಕೈಯಲ್ಲಿ ಎರಡು ಡಾಲರ್ ಇಟ್ಟುಕೊಂಡು ಶರಬತ್ತಿನ ಅಂಗಡಿ ತೆರೆಯುತ್ತೀರಿ. ದಿನವೂ ಮೂರೇ ನಿರ್ಧಾರ: ಎಷ್ಟು ಲೋಟ ಮಾಡಬೇಕು, ಹದಿನೈದು ಸೆಂಟಿನ ಜಾಹೀರಾತು ಫಲಕ ಎಷ್ಟು ಹಾಕಬೇಕು, ಲೋಟಕ್ಕೆ ಎಷ್ಟು ಬೆಲೆ. ಮೊದಲೆರಡು ದಿನ ಸಕ್ಕರೆ ಅಮ್ಮ ಕೊಡುತ್ತಾಳೆ, ಹಾಗಾಗಿ ಲೋಟಕ್ಕೆ ತಗಲುವ ಖರ್ಚು ಎರಡೇ ಸೆಂಟು. ಮೂರನೇ ದಿನ ಅಮ್ಮ ಕೈ ಬಿಡುತ್ತಾಳೆ, ಖರ್ಚು ನಾಲ್ಕಕ್ಕೆ ಏರುತ್ತದೆ. ಬಿಸಿಲಿದ್ದರೆ ಮಾರಾಟ, ಮೋಡವಿದ್ದರೆ ಕಡಿಮೆ, ಗುಡುಗು ಮಳೆ ಬಂದರೆ ಮಾಡಿಟ್ಟದ್ದೆಲ್ಲ ಹಾಳು. ರಸ್ತೆ ರಿಪೇರಿ ನಡೆದ ದಿನ ಜನಸಂಚಾರವಿಲ್ಲ, ಆದರೆ ಕೆಲವೊಮ್ಮೆ ಆ ರಿಪೇರಿ ಕೆಲಸದವರೇ ಊಟದ ಹೊತ್ತಿಗೆ ಬಂದು ಎಲ್ಲ ಲೋಟಗಳನ್ನೂ ಕೊಂಡುಬಿಡುತ್ತಾರೆ. ತೆಂಗಿನಕಾಯಿ ಗಾಡಿಯವರಿಗೆ, ಕಬ್ಬಿನ ಹಾಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಪಾನಿನಲ್ಲಿ 1990ರ ‘ಡ್ರ್ಯಾಗನ್ ಕ್ವೆಸ್ಟ್ 4’ರ ಮೂರನೇ ಅಧ್ಯಾಯದ ನಾಯಕ ವೀರನಲ್ಲ, ಆಯುಧ ಮಾರುವ ಟೊರ್ನೆಕೊ. ಬೇರೊಬ್ಬರ ಅಂಗಡಿಯಲ್ಲಿ ಕೆಲಸ ಮಾಡಿ, 35,000 ಚಿನ್ನದ ನಾಣ್ಯ ಕೂಡಿಸಿ ಎಂಡೋರ್ ಎಂಬ ಊರಿನಲ್ಲಿ ಸ್ವಂತ ಅಂಗಡಿ ಕೊಳ್ಳುತ್ತಾನೆ. ಇತ್ತೀಚಿನದು ಬೇಕೆಂದರೆ ಸ್ಪೇನಿನ ತಂಡವೊಂದು 2018ರಲ್ಲಿ ತಂದ ‘ಮೂನ್‌ಲೈಟರ್’ ಇದೆ. ನೋಡಲು ಸುಂದರ. ಆದರೆ ಅದರಲ್ಲಿ ಬೆಲೆಚೀಟಿ ಅಂಟಿಸಿ ಗಿರಾಕಿಯ ಮುಖಭಾವ ನೋಡುವುದಷ್ಟೇ, ಎದುರುಬದುರು ಕುಳಿತು ಮಾತಾಡುವ ಚೌಕಾಸಿಯಿಲ್ಲ. ನನ್ನ ಮತ ರೆಸೆಟಿಯರ್‌ಗೆ.

ಪ್ರಶ್ನೆ: ಗುಹೆಗೆ ಯಾವಾಗ ಹೋಗಬೇಕು? ಅಲ್ಲಿ ಮಾಲು ಬಿಟ್ಟಿಯಾಗಿ ಸಿಗುತ್ತದಲ್ಲ, ದಿನವೂ ಹೋದರೆ ಲಾಭವಲ್ಲವೇ?
— ಕಾಲೇಜು ಉಪನ್ಯಾಸಕಿ, ಕಲಬುರಗಿ

ಉತ್ತರ: ಬಿಟ್ಟಿಯಲ್ಲ ಮೇಡಂ. ಗುಹೆಗೆ ಹೋದರೆ ಎರಡು ಹೊತ್ತು ಹೋಯಿತು, ಅಂದರೆ ಅರ್ಧ ದಿನ. ಜೊತೆಗೆ ಬರುವ ಸಾಹಸಿಗೆ ಕೂಲಿ ಬೇರೆ. ಅವನು ನಡುವೆ ಬಿದ್ದುಬಿಟ್ಟರೆ ಆರಿಸಿಕೊಂಡ ರಾಶಿಯಲ್ಲಿ ಒಂದನ್ನಷ್ಟೇ ತರಬಹುದು. ಮೇಲೆ ಹೇಳಿದ ಲೆಕ್ಕವನ್ನೇ ಹಿಡಿಯಿರಿ: ಮೂರನೇ ವಾರದಲ್ಲಿ ಎರಡು ಹೊತ್ತಿನ ಬೆಲೆ 7,600 ಪಿಕ್ಸ್. ಗುಹೆಯಿಂದ ಅದಕ್ಕಿಂತ ಹೆಚ್ಚಿನ ಮಾಲು ಬರುವಂತಿದ್ದರೆ ಹೋಗಿ, ಇಲ್ಲವಾದರೆ ಬಾಗಿಲು ತೆರೆಯಿರಿ. ಹೊರಬರುವ ದಾರಿ ಐದೈದು ಅಂತಸ್ತಿಗೊಮ್ಮೆ ಸಿಗುತ್ತದೆ. ಸಾಹಸಿಯ ಬಲ ಕುಂದಿದ್ದರೆ ಅಲ್ಲಿಯೇ ಹೊರಟುಬಿಡಿ, ಇನ್ನೊಂದು ಅಂತಸ್ತು ನೋಡೋಣ ಎನ್ನುವ ಆಸೆ ಬೇಡ. ನನ್ನ ರೂಢಿ ಹೀಗಿದೆ: ಕಂತು ಕಟ್ಟಿದ ಮಾರನೆಯ ದಿನ ಗಲ್ಲಾ ಬರಿದಾಗಿ ಖರೀದಿಗೆ ಹಣವಿರುವುದಿಲ್ಲ. ಗುಹೆಗೆ ಆ ದಿನವೇ ಸರಿ. ಬಂಡವಾಳ ಇಲ್ಲದೆ ಗೂಡು ತುಂಬುವ ದಾರಿ ಅದೊಂದೇ.

ಪ್ರಶ್ನೆ: ಹೊಸ ಲ್ಯಾಪ್‌ಟಾಪಿನಲ್ಲಿ ಇಷ್ಟು ಹಳೆಯ ಆಟ ನಡೆಯುತ್ತದೆಯೇ? ಸಾಲ ತೀರಿದ ಮೇಲೆ ಆಡಲು ಏನಾದರೂ ಉಳಿಯುತ್ತದೆಯೇ?
— ಕನ್ನಡಿಗ ಓದುಗ, ಪುಣೆ

ಉತ್ತರ: ವಿಂಡೋಸ್ ಇರುವ ಲ್ಯಾಪ್‌ಟಾಪು ಸಾಕು, ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ಆಟ ದೊರೆಯುತ್ತದೆ. ಗುಹೆಯ ಹೊಡೆದಾಟಕ್ಕೆ ಕೀಲಿಮಣೆಗಿಂತ ಕೈಯಲ್ಲಿ ಹಿಡಿದು ಆಡುವ ಸಾಧನ, ಅಂದರೆ ಗೇಮ್‌ಪ್ಯಾಡ್, ಅನುಕೂಲ. ಗುಂಡಿಗಳು ಅದಲುಬದಲಾಗಿದ್ದರೆ ಆಟದ ಜೊತೆಗೇ ಬರುವ ‘ಕಸ್ಟಮ್’ ಎಂಬ ಪ್ರತ್ಯೇಕ ಪ್ರೋಗ್ರಾಮನ್ನು ತೆರೆದು ಹೊಂದಿಸಿಕೊಳ್ಳಿ, ಪರದೆಯ ಅಳತೆಯನ್ನೂ ಅಲ್ಲಿಯೇ ಬದಲಿಸಬಹುದು. ಇಂಗ್ಲಿಷ್ ಸಂಭಾಷಣೆ ಸರಾಗವಾಗಿದೆ, ಓದುವುದಕ್ಕೇ ಒಂದು ಸುಖ.

ಸಾಲ ತೀರಿದ ಮೇಲೆ ಕಂತಿನ ಕಾಟವಿಲ್ಲದೆ ಅಂಗಡಿ ಮುಂದುವರಿಸಬಹುದು. ಉಳಿದ ಗುಹೆಗಳು, ಉಳಿದ ಸಾಹಸಿಗಳ ಕಥೆಗಳು ಆಗಲೇ ಪೂರ್ತಿ ಬಿಚ್ಚಿಕೊಳ್ಳುವುದು. ಕಂತು ಏರುತ್ತಲೇ ಹೋಗುವ, ಎಷ್ಟು ವಾರ ತಾಳುತ್ತೀರಿ ನೋಡೋಣ ಎನ್ನುವ ಇನ್ನೊಂದು ಬಗೆಯೂ ಇದೆ. ಮೊದಲು ಕಂತಿಲ್ಲದ ಬಗೆಯನ್ನೇ ಆಡಿ. ಗೋಡೆಯ ಕಾಗದ, ನೆಲಹಾಸು, ಮೇಜುಗಳನ್ನು ಬದಲಿಸಿ, ಅಂಗಡಿಯ ಬೆಡಗು ಬದಲಾದಂತೆ ಬರುವ ಗಿರಾಕಿಗಳೂ ಹೇಗೆ ಬದಲಾಗುತ್ತಾರೆಂದು ನೋಡಲು ಐದು ವಾರದ ಓಟದಲ್ಲಿ ಪುರಸೊತ್ತೇ ಸಿಕ್ಕಿರುವುದಿಲ್ಲ.